ಇನ್ನೂರು ಮಂದಿಯ ಅಡುಗೆ

ಕಮಲಾಪುರದ ಬಸ್ಸಿನಲ್ಲಿ ಮುಂದಿನ ಸೀಟಿನ ಗಂಡ ಹೆಂಡಿರ ಮಾತು ಬೇಡವೆಂದರೂ ಕೊಟ್ರಬಸಮ್ಮನ ಕಿವಿಗೆ ಬೀಳುತ್ತಿತ್ತು.

“ಮಿಲಿಟರಿ ಬಿಟ್ಟು ಬಂದೋರೆಲ್ಲ ಫ್ಯಾಕ್ಟರಿ ಗೇಟೇ ಕಾಯಬೇಕಂತೇನೈತಿ? ನನ್ನ ಖಾನಾವಳಿಗೆ ಅಡಿಗಿಗೆ ಬರ್ರಿ,” ಎಂದಳು ಹೆಂಡತಿ.

“ಹದಿನೇಳು ವರ್ಷ ಅಲ್ಲಿ ಇನ್ನೂರು ಮಂದಿಗೆ ಅಡಿಗಿ ಮಾಡೀನಿ. ಕಮ್ಮಿ ಮಂದಿಗಂದ್ರ ಅಳತಿನೇ ತಿಳಿಯಲ್ಲ.”

“ಮೊನ್ನೆ ಗೊತ್ತಾತು. ನಮ್ಮಿಬ್ಬರಿಗಂತ ನೀವು ಮಾಡಿದ ಉಪ್ಪಿಟ್ಟು ಓಣಿಗೆಲ್ಲ ಹಂಚಿದೆ.”

ಅವನು ನಕ್ಕ. “ಆತು, ಬರ್ತೀನಿ. ವರ್ಷಕ್ಕ ರಜಾ ಎಷ್ಟು ಕೊಡ್ತಿ?”

ಹೆಂಡತಿ ಕಿಟಕಿಯಾಚೆಯ ಬಾಳೆತೋಟದ ಕಡೆ ಮುಖ ತಿರುಗಿಸಿದಳು.

“ಹದಿನೇಳು ವರ್ಷ ರಜಾ ಸಿಕ್ಕಾಗಷ್ಟ ಮನಿಗೆ ಬಂದೀರಿ. ಇನ್ನ ರಜಾ ಇಲ್ಲ.”

ಊರು ಬಂದಾಗ ಅವನು ಅವಳ ಈರುಳ್ಳಿ ಚೀಲವನ್ನು ಹೆಗಲಿಗೇರಿಸಿಕೊಂಡು ಅವಳ ಹಿಂದೆಯೇ ಇಳಿದ.