ಮಾವನ ಮನೆಯ ಫಾಸ್ಫೇಟು

...ಅಲ್ಲ ಧಾರಿಣಿ, ಬ್ಯಾಗಾದ್ರೂ ಇಳಿಸು ಮೊದಲು. ಚೆನ್ನೈಯಿಂದ ದೆಹಲಿಗೆ ಅಷ್ಟು ದೂರ ರೈಲಿನಲ್ಲಿ ಬಂದವಳು, ಸೋದರಮಾವನಿಗೆ ಹೇಗಿದ್ದೀರಿ ಅಂತ ಕೇಳೋದು ಬಿಟ್ಟು ನೆಟ್ಟಗೆ ಹೋಗಿ ಮೀನಿನ ತೊಟ್ಟಿಗೆ ಮೂಗು ಒತ್ತಿದ್ರೆ ಹೇಗೆ?

ಹೌದು, ಪಾಚಿ. ನನಗೂ ಕಾಣುತ್ತೆ. ಬಂಡೆ ಮೇಲೆಲ್ಲ ಹಸಿರು ಕೂದಲು. ನನ್ನ ತಲೆಗೆ ಬರಬೇಕಾದ್ದು ದಾರಿ ತಪ್ಪಿ ಅಲ್ಲಿಗೆ ಬಂತು... ಯಾಕೆ, ನಗು ಬರ್ಲಿಲ್ವಾ?

ಇಲ್ಲಿನ ಹಾಸ್ಟೆಲಿನಲ್ಲಿ ಬಿಡಲ್ಲ ಮಾವ, ನಿಮ್ಮ ಮನೇಲಿ ಇಡ್ಲಾ ಅಂದೆ ನೀನು. ಇಡು ತಾಯಿ ಅಂದೆ ನಾನು. ಉಪ್ಪುನೀರು, ಪಂಪು, ಹವಳ, ಕೇಸರಿ ಪಟ್ಟೆಯ ಜೋಡಿ ಮೀನು. ವಸಂತ್ ಕುಂಜಿನ ಮೂರನೇ ಮಹಡಿಗೆ ಸಮುದ್ರ ಹತ್ತಿಸಿದೆ. ಹೊಸ ತೊಟ್ಟಿ ಎಳೆಗೂಸಿದ್ದ ಹಾಗೆ, ಫಾಸ್ಫೇಟು ಏರಿದ್ರೆ ಪಾಚಿ ಬೆಳೆಯುತ್ತೆ, ಹವಳ ಸಾಯುತ್ತೆ ಅಂತ ಪಾಠ ಮಾಡಿ ಚೆನ್ನೈಗೆ ಹೋದೆ. ನಾನೇನು ಕಡಿಮೆ ಮಾಡ್ದೆ ಹೇಳು? ವಾರವಾರ ನೀರು ಬದಲಾಯಿಸ್ದೆ. ಫಾಸ್ಫೇಟು ಹೀರ್ಕೊಳ್ಳೋ ಆ ತುಕ್ಕು ಬಣ್ಣದ ಹರಳು ಹೊಸದು ಹಾಕ್ದೆ. ಆಮೇಲೆ ನಿನ್ನ ಪರೀಕ್ಷೆಯ ಹನಿ ಬಿಟ್ಟು ನೋಡಿದ್ರೆ, ನೀರು ಇನ್ನೂ ಕಡುನೀಲಿ, ಅಂದ್ರೆ ಫಾಸ್ಫೇಟು ಇಳಿದೇ ಇಲ್ಲ! ಇದು ಕೃಷ್ಣನ ಬಣ್ಣ, ಮನೆಗೆ ಶುಭ ಅಂತ ನಿನ್ನ ವಾಸಂತಿ ಅತ್ತೆಗೆ ಹೇಳಿದೆ. ಅವಳು ತೊಟ್ಟಿಗೆ ಊದಿನಕಡ್ಡಿ ಹಚ್ಚಿದಳು.

ಸರಿ, ಸರಿ. ತಲೆಹರಟೆ ಸಾಕು. ರೇಗಿ ಹೋಗಿದೆ ಕಣೇ ನನಗೂ. ಒರೆಸಿದಷ್ಟೂ ಬೆಳೆಯುತ್ತೆ ಹಾಳಾದ್ದು. ನನ್ನ ಅನುಮಾನ ಆ ಟ್ಯಾಂಕರ್ ನೀರಿನ ಮೇಲೆ. ಆರ್‌ಓ ಮಷೀನಿನಲ್ಲಿ ಸೋಸಿದ್ರೂ... ಏನು, ಅದನ್ನೇ ಪರೀಕ್ಷೆ ಮಾಡ್ತೀಯಾ? ಮಾಡು... ಅಚ್ಛಾ. ಬಣ್ಣವೇ ಬರ್ಲಿಲ್ಲ.

ಹಾಗಾದ್ರೆ ಉಪ್ಪು. ಆ ಅಂಗಡಿ ಭಯ್ಯಾನ ಮುಖ ನೋಡಿದಾಗಲೇ ಅಂದ್ಕೊಂಡೆ... ಅದನ್ನೂ ಕಲಸಿ ನೋಡ್ಬಿಟ್ಯಾ? ಇದೂ ತಿಳಿಯಾಗೇ ಇದೆ. ಇನ್ನೊಂಚೂರು ಹೊತ್ತು ಬಿಡು, ಬಂದೀತು.

ಮೀನಿನ ಊಟವಾ? ಅದು ಹೆಚ್ಚಾದ್ರೂ ಫಾಸ್ಫೇಟು ಏರುತ್ತಾ? ನೀನು ಹೇಳಿದ ಹಾಗೇ ಹಾಕಿದ್ದು. ದಿನ ಬಿಟ್ಟು ದಿನ, ಒಂದು ಚಿಟಿಕೆ. ದೇವರಾಣೆ. ಯಾವ ದೇವರು ಅಂತ ಕೇಳ್ಬೇಡ. ಡಬ್ಬ ಅಲುಗಾಡಿಸಿ ಏನು ನೋಡ್ತೀಯ, ಅರ್ಧ ನೆಲಕ್ಕೆ ಚೆಲ್ಲಿ ಹೋಯ್ತು. ಮೀನಿಗೆ ಅಂತ ಫ್ರೀಜರಿನಲ್ಲಿಟ್ಟ ಸೀಗಡಿಯೂ ಇಲ್ವಾ? ನಿನ್ನ ಅತ್ತೆ ವಾಸನೆ ಅಂತ ಎಸೆದಿರ್ತಾಳೆ. ಎಸೀಲಿಲ್ಲ ಅಂತ ಅವಳೇ ಹೇಳಿದ್ಲಾ... ಹಾಗಾದ್ರೆ ನನಗೆ ಗೊತ್ತಿಲ್ಲಪ್ಪ.

ಯಾರಿಗೆ ಫೋನು? ಜನಕಪುರಿಯ ನಿನ್ನ ಗೆಳತಿ ಸಿಂಚನಾಗಾ? ತೊಟ್ಟಿ ಅಲ್ಲಿಗೆ ಸಾಗಿಸೋಕಾ?

ಬೇಡ ಪುಟ್ಟಿ. ಫೋನ್ ಇಡು. ನೀನು ಹೇಳಿದ್ದೆಲ್ಲ ಮಾಡ್ತೀನಿ, ತೊಟ್ಟಿ ಒಂದು ಇಲ್ಲೇ ಇರ್ಲಿ. ಇದು ಬರೋ ಮುಂಚೆ ಗ್ಯಾಸ್ ಸಿಲಿಂಡರಿನವನು ಬಿಟ್ಟು ಈ ಮನೆಯ ಗಂಟೆ ಒತ್ತಿದವರಿಲ್ಲ. ಈ ಮುರಳೀಧರ ಮತ್ತೆ ಜೋಕು ಹೇಳ್ತಾನೆ ಅಂತ ಪಾರ್ಕಿನಲ್ಲಿ ನನ್ನ ಕಂಡ್ರೆ ದಾರಿ ಬದಲಿಸೋರು. ಈಗ ನೋಡು, ಕೆಳಗಿನ ಪಂಜಾಬಿಗಳ ಮೊಮ್ಮಕ್ಕಳು ದಿನಾ ಸಂಜೆ ಹಾಜರ್. ಹಳೇ ಆಫೀಸಿನ ದೇವೇಂದ್ರಪ್ಪ ಘಾಜಿಯಾಬಾದಿನಿಂದ ಬಸ್ಸು ಬದಲಿಸಿ ಬದಲಿಸಿ ಬರ್ತಾನೆ, ಆ ಕನ್ನಡ ಬಲ್ಲ ಮೀನು ತೋರಿಸೋ ಅಂತ...

ಏನಿಲ್ಲ. ಸುಮ್ನೆ ಹಾಗಂತಾರೆ.

ಕೈ ಯಾಕೆ ಎತ್ತಿದೆ? ನೀರಿನ ಮೇಲೆ ಬೆರಳು ಹಿಡೀಬೇಡ ಹಾಗೆ. ಚಿಟಿಕೆಯಲ್ಲಿ ಏನೂ ಇಲ್ಲವಲ್ಲ, ಪಾಪ, ಅವಕ್ಕೆ ಯಾಕೆ ಸುಮ್ನೆ...

ಬಂದ್ವಾ. ಎರಡೂ. ಬಾಯಿ ತೆರ್ಕೊಂಡು.

ಧಾರಿಣಿ...

ಬೈದಾದ್ರೂ ಬೈಯೇ.

ಬಾರೋ ಮರಿ ಅಂತ ಕೂಗೋದು, ಬೆರಳ ಸಂದಿಯಿಂದ ಒಂಚೂರು ಉದುರಿಸೋದು. ಮೇಲೆ ಬರೋವು. ಮಕ್ಕಳು ಚಪ್ಪಾಳೆ ತಟ್ಟಿ, ಇನ್ನೊಂದು ಸಲ ಅಂಕಲ್, ಇನ್ನೊಂದು ಸಲ ಅನ್ನೋವು. ಇನ್ನೊಂದು ಸಲ ಅಂತ ನನಗೆ ಇಷ್ಟು ವರ್ಷದಲ್ಲಿ ಯಾರು ಹೇಳಿದ್ರು ಹೇಳು.