ದವಾಖಾನೆ ಗಾಡಿಯ ಎರಡನೇ ಬ್ಯಾಟರಿ

ನಮ್ಮ ಚಿಕ್ಕಮ್ಮನ ನೆರೆಮನೆಯ ನರ್ಸ್ ಮಹಾದೇವಮ್ಮನಿಗೆ ಆದದ್ದಿದು. ಮೈಸೂರು ರಾಜ್ಯ ಹೋಗಿ ಕರ್ನಾಟಕ ಎಂದಾದ ಹೊಸತು. ಅವಳ ದವಾಖಾನೆ ಗಾಡಿಯ ಬಾಗಿಲ ಮೇಲೆ ಇನ್ನೂ ಹಳೇ ಹೆಸರೇ ಇತ್ತು. ಊರೂರು ಸುತ್ತುವ ಗಾಡಿ. ಒಳಗೇ ಮಂಚ, ಸ್ಟೋವು, ಔಷಧದ ಕಪಾಟು. ಅವಳು ಮಲಗುವುದೂ ಅದರಲ್ಲೇ. ಡ್ರೈವರ್ ಅಂಬಾರಾಯ ಹೊರಗೆ ಚಾಪೆ ಹಾಸಿಕೊಳ್ಳುತ್ತಿದ್ದ.

ಅವತ್ತು ಶಹಾಬಾದದ ಆಚೆ, ಕಲ್ಲು ಕಡಿಯುವವರ ಒಂದು ಊರು. ದಿನ ತುಂಬಿದ ಯಂಕಮ್ಮನನ್ನು ನೋಡಿಕೊಂಡು ಇಬ್ಬರೂ ಕತ್ತಲಲ್ಲಿ ಹಾಳುಬಾವಿಯ ದಾರಿ ಹಿಡಿದು ಗಾಡಿಗೆ ಮರಳುತ್ತಿದ್ದರು. ಸಡಿಲ ಹಾಸುಗಲ್ಲುಗಳು ಕಾಲಡಿ ಟಣ್... ಟಣ್... ಎನ್ನುತ್ತಿದ್ದವು. ಬಾವಿ ದಾಟಿದ್ದೇ ಅಂಬಾರಾಯ ನಿಂತ.

"ಸಿಸ್ಟರ್... ದೀಪ ಆರಿಸಿ ಬಂದಿದ್ರಿಲ್ಲೋ?"

"ಹೂಂ. ಕೀಲಿ ನಿನ್ನ ಕಡೇನೇ ಅದಲ್ಲ?"

ಕೀಲಿ ಅವನ ಕಿಸೆಯಲ್ಲೇ ಇತ್ತು. ಗಾಡಿಯ ಕಿಟಕಿಯಲ್ಲಿ, ಮಂಚದ ಮೇಲಿನ ಬಲ್ಬು ಉರಿಯುತ್ತಿತ್ತು. ಹತ್ತಿರ ಹೋದರು. ಒಳಗಿಂದ ಟಿಕ್ ಎಂದಿತು... ಕತ್ತಲು.

"ಬ್ಯಾಟರಿ ಯಾಕ ನಿಲ್ಲವಲ್ದು ಅಂತ ಈಗ ತಿಳೀತು," ಎಂದ ಅಂಬಾರಾಯ.

ಗಾಡಿಗೆ ಎರಡು ಬ್ಯಾಟರಿ. ಒಂದು ಎಂಜಿನ್‌ಗೆ. ಇನ್ನೊಂದು ಮಂಚದ ಕೆಳಗೆ, ಒಳಗಿನ ದೀಪಕ್ಕೆ. ಓಡುವಾಗ ಎರಡೂ ಚಾರ್ಜ್ ಆಗಬೇಕು. ಆದರೆ ಎರಡನೆಯದು ಸಂಜೆಗೆ ತುಂಬಿರುತ್ತಿತ್ತು, ಬೆಳಗ್ಗೆ ಹೆಣದಂತೆ ಬಿದ್ದಿರುತ್ತಿತ್ತು. ಅಂಬಾರಾಯ ಮಾಡದ್ದಿಲ್ಲ. ಡೈನಮೋದ ಬೆಲ್ಟು ಬಿಗಿ ಮಾಡಿದ. ಟರ್ಮಿನಲ್ಲಿನ ಹಸಿರು ಕಿಲುಬನ್ನು ಬಿಸಿನೀರು, ಸೋಡಾ ಹಾಕಿ ತಿಕ್ಕಿದ. ಇಲ್ಲಿಯ ನೀರಿನಲ್ಲಿ ಬರೀ ಸುಣ್ಣವೆಂದು ವಾಡಿಯಿಂದ ಬ್ಯಾಟರಿ ನೀರಿನ ಬಾಟಲಿಯನ್ನೇ ತಂದು ಹಾಕಿದ. ವಾಡಿಯ ಮಿಸ್ತ್ರಿ ಗನಿಸಾಬ ಒಂದೊಂದೇ ಬಿರಡೆ ಬಿಚ್ಚಿ ನೋಡಿ ನಕ್ಕಿದ್ದ: "ಬ್ಯಾಟ್ರಿ ಚಲೋ ಅದ ಮಿಯಾ. ರಾತ್ರಿ ಯಾರೋ ದೀಪ ಉರಸಾಕತ್ತೀರಿ. ಹೆಂಡ್ತಿ ಕಾಗದ ಓದ್ತಿಯೇನು?"

ಮಹಾದೇವಮ್ಮ ನಕ್ಕಿರಲಿಲ್ಲ. ಇದು ಯಾವತ್ತು ಶುರುವಾಯಿತೆಂದು ಅವಳಿಗೆ ಗೊತ್ತಿತ್ತು. ಪಕ್ಕದ ಊರಿನ ಮರೆಮ್ಮನಿಗೆ ಹೆರಿಗೆ ಕಷ್ಟವಾಗಿ ಚಿತ್ತಾಪುರಕ್ಕೆ ಒಯ್ಯುವಾಗ, ಆ ಮಂಚದ ಮೇಲೆ, ದಾರಿಯಲ್ಲೇ ಜೀವ ಹೋಗಿತ್ತು. ಕೂಸೂ ಒಳಗೇ. ಕೊನೆಗೆ ಮರೆಮ್ಮ ಅಂದದ್ದು ಒಂದೇ ಮಾತು: "ದೀಪ ಆರಸಬ್ಯಾಡ್ರಿ ಅಕ್ಕಾ."

ಹೆಣ ಇಳಿಸಿದ ಮೇಲೆ, ಬ್ಯಾಟರಿ ಉಳಿಯಲಿ ಎಂದು ಮಹಾದೇವಮ್ಮ ಆರಿಸಿದ್ದಳು.

ಬಾವಿಯ ಕಡೆಯಿಂದ ಟಣಟಣ ಕಲ್ಲು ಸದ್ದು. ಯಾರೋ ಓಡಿ ಬರುತ್ತಿದ್ದರು. ಯಂಕಮ್ಮನ ಅತ್ತೆ ಭೀಮಮ್ಮ.

"ಸಿಸ್ಟರ್, ನೀರ ಒಡೀತು, ಲಗೂನ ಬರ್ರಿ! ಮನ್ಯಾಗ ಚಿಮಣಿ ದೀಪ ಒಂದೇ ಅದ, ಕಣ್ಣಿಗೆ ಕೈ ಕಾಣವಲ್ದು." ಗಾಡಿಯತ್ತ ನೋಡಿ ಅವಳ ದನಿ ಇಳಿಯಿತು. "ಇದರಾಗ ಮಾತ್ರ ಸೊಸೀನ ಕರ್ಕೊಂಡ ಬರಲ್ಲ. ಮರೆಮ್ಮ ಸತ್ತ ಜಾಗದಾಗ ದೀಪ ಇಟ್ಟೀರೋ ಇಲ್ಲೋ?"

"ಅವರ ಮನ್ಯಾಗ ಇಟ್ಟಿರ್ತಾರ ಬಿಡಬೇ," ಎಂದ ಅಂಬಾರಾಯ.

"ಏ ಮಂಗ್ಯಾ, ಆಕಿ ಉಸರ ಬಿಟ್ಟಿದ್ದು ಮನ್ಯಾಗೇನು? ಆ ಜಾಗ ತಗೊಂಡು ನೀವು ಊರೂರು ತಿರಗಾಕತ್ತೀರಿ... ಮಂದಿ ನೋಡ್ಯಾರ, ಆಕಿ ತನ್ನ ದೀಪ ತಾನೇ ಹಚ್ಕೊಳ್ಳಾಕತ್ತಾಳ."

ಮಂಚದ ಮೇಲೆ ದೀಪ ಹಚ್ಚಲು ಮಹಾದೇವಮ್ಮ ಬೆಂಕಿಪೆಟ್ಟಿಗೆ ತೆಗೆದಳು. ಅಂಬಾರಾಯ ಅವಳ ಕೈ ಹಿಡಿದ. "ಬ್ಯಾಡ್ರಿ! ತುಂಬಿದ ಬ್ಯಾಟರಿ ಗ್ಯಾಸ್ ಬಿಡ್ತದ. ಕಿಡಿ ತಗಲಿದ್ರ ಗಾಡಿ ಉಳಿಯಲ್ಲ."

ಹೆರಿಗೆಗೆ ಬೆಳಕಾಗಲೆಂದು ಮಂಚದ ಕೆಳಗಿನ ತಂತಿ ಬಿಚ್ಚಿ, ಬ್ಯಾಟರಿಯನ್ನು ಹೆಗಲ ಮೇಲೆ ಹೊತ್ತ. ಗಾಡಿಗೆ ಕೀಲಿ ಹಾಕಿ ಮೂವರೂ ಓಡಿದರು. ಚಿಮಣಿ ಆರಿಸಿ, ಯಂಕಮ್ಮನ ಮನೆಯ ಗೂಟಕ್ಕೆ ಬೇರೊಂದು ಬಲ್ಬು ಕಟ್ಟಿ ತಂತಿ ಕೂಡಿಸಿ, ಅಂಬಾರಾಯ ಹೊರಗೆ ನಿಂತ. ಬಲ್ಬು ಹತ್ತಿತು.

ಕೂಸಿನ ತಲೆ ಬಂತು. ಹೆಗಲು ಸಿಕ್ಕಿಬಿತ್ತು. ಆಗಲೇ ಬೆಳಕು ಕೆಂಪಾಯಿತು... ಕೆಂಡದ ಎಳೆಯಷ್ಟಾಯಿತು. ಬ್ಯಾಟರಿಯೊಳಗೆ ಸುಸ್... ಸುಸ್... ಎಂದು ಯಾರೋ ಏದುಸಿರು ಬಿಟ್ಟಂತೆ.

"ಅಕ್ಕಾ," ಯಂಕಮ್ಮ ಪಿಸುಗುಟ್ಟಿದಳು. "ನಿಮ್ಮ ಹಿಂದ ನಿಂತಾಕಿ ಯಾರ್ರಿ?"

ಭೀಮಮ್ಮ ಯಂಕಮ್ಮನ ತಲೆ ಹಿಡಿದು ಎದುರಿಗೇ ಕೂತಿದ್ದಳು. ಹಿಂದೆ ಯಾರೂ ಇರಬಾರದು.

ಮಹಾದೇವಮ್ಮ ತಿರುಗಲಿಲ್ಲ. "ನಮ್ಮಾಕಿನೇ. ನೀ ಕಣ್ಣ ಮುಚ್ಚು." ಆಮೇಲೆ ತುಟಿ ಅಲ್ಲಾಡದಷ್ಟು ಮೆಲ್ಲಗೆ ಅಂದಳು: "ಮರೆಮ್ಮ... ಈಗೊಂದಿಷ್ಟು ಈ ದೀಪ ಬಿಡವ್ವ. ಬೆಳಕ ಹರಿಯೋದ್ರಾಗ ನಿನ್ನ ದೀಪ ನಾನೇ ಹಚ್ಚತೀನಿ."

ಕುತ್ತಿಗೆಯ ಮೇಲೆ ತಣ್ಣನೆಯ ಉಸಿರು ತಾಗಿತು. ಹೋಯಿತು. ಬಲ್ಬು ಬೆಳ್ಳಗೆ ಉರಿಯಿತು. ಅವಳ ಬೆರಳಿಗೆ ಕೂಸಿನ ಕಂಕುಳು ಸಿಕ್ಕಿತು... ಎಳೆದಳು. ಕೂಸು ನೀಲಿಗಟ್ಟಿತ್ತು. ಭಾಳ ಹೊತ್ತಿನ ಮೇಲೆ ಅತ್ತಿತು.

ಕೋಳಿ ಕೂಗುವ ಮೊದಲೇ ಅವಳು ಎಣ್ಣೆ, ಬತ್ತಿ ಹಿಡಿದು ಗಾಡಿಗೆ ಬಂದಳು. ಅಂಬಾರಾಯ ಕೀಲಿ ತೆಗೆದ. ಬ್ಯಾಟರಿ ಇನ್ನೂ ಯಂಕಮ್ಮನ ಮನೆಯಲ್ಲೇ. ಮಂಚದ ಕೆಳಗೆ ಬಿಚ್ಚಿದ ತಂತಿ ಜೋತಾಡುತ್ತಿತ್ತು. ಮಂಚದ ಮೇಲೆ ಪಣತಿ ಇಟ್ಟು ಹಚ್ಚಿದಳು. ಏಳುವಾಗ ಬಲಗೈ ಬೆರಳು ತಲೆಯ ಮೇಲಿನ ಆರಿದ ಬಲ್ಬಿಗೆ ತಗುಲಿತು.

ಚುರ್ ಎಂದಿತು.

ಆಮೇಲೆ ಆ ಬ್ಯಾಟರಿ ಒಂದು ರಾತ್ರಿಯೂ ಇಳಿಯಲಿಲ್ಲ. ಒಮ್ಮೆ ಚಿಕ್ಕಮ್ಮನಿಗೆ ಹೇಳಿದ್ದು ಬಿಟ್ಟರೆ ಮಹಾದೇವಮ್ಮ ಈ ಕತೆ ಹೇಳುವುದಿಲ್ಲ. ಕೇಳಿದರೆ ಬಲಗೈ ಮುಂದೆ ಚಾಚುತ್ತಾಳೆ, ಅಷ್ಟೇ. ಖರೇ ಅದ, ನಾ ನೋಡಿದ್ದೇ ಅದ: ತೋರುಬೆರಳ ತುದಿಯಲ್ಲಿ, ಬಲ್ಬಿನ ಗಾಜಿನಷ್ಟೇ ಗುಂಡಗೆ, ಸುಟ್ಟ ಕಲೆ.