ಶಿವಪುತ್ರ ಸರ್ ಅವರ ಅವಸರ

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಶಿವಪುತ್ರ ಸರ್ ಅವರ ಪತ್ನಿ ಮಾನಮ್ಮನವರಿಗೆ, ಅವರ ಮಗ ಈರೇಶ ಅವರಿಗೆ, ಕೆಲಸ ಬಿಟ್ಟು ಹಲಸೂರಿನ ಈ ಸಭಾಂಗಣಕ್ಕೆ ಬಂದಿರುವ ನಿಮಗೆಲ್ಲರಿಗೂ — ನಮಸ್ಕಾರ.

ನನ್ನ ಹೆಸರು ಸುಪ್ರೀತಾ. ಬಸ್ ನಿಲ್ದಾಣಗಳ ನಿರ್ವಹಣಾ ವಿಭಾಗದಲ್ಲಿ ಶಿವಪುತ್ರ ಸರ್ ಅವರ ಪಕ್ಕದ ಮೇಜು ನನ್ನದು. ಅವರ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆದುಕೊಡುತ್ತಿದ್ದೆ. ಹೊರಗುತ್ತಿಗೆ ನೌಕರಳು. ಮೈಕಿನ ಮುಂದೆ ನಿಲ್ಲುತ್ತಿರುವುದು ಇದೇ ಮೊದಲು. ಧ್ವನಿ ನಡುಗಿದರೆ — ಕ್ಷಮಿಸಿ.

ಮೊದಲೆಲ್ಲ ನಮ್ಮಲ್ಲಿ ಒಂದು ಮೆಟ್ಟಿಲು ಒಡೆದರೂ ಅದಕ್ಕೊಂದು ಟೆಂಡರ್. ಅಷ್ಟು ಸಣ್ಣ ಕೆಲಸಕ್ಕೆ ಯಾರೂ ಬರುತ್ತಿರಲಿಲ್ಲ. ಮತ್ತೆ ಟೆಂಡರ್. ಒಂದು ನಿಲ್ದಾಣದಲ್ಲಿ ಚರಂಡಿಯ ಜಾಲರಿ ಮುರಿದಿತ್ತು. ಮೂರನೇ ಟೆಂಡರ್ ಕರೆದ ವಾರ ಹೂ ಮಾರುವ ಪ್ರೇಮಕ್ಕನ ಕಾಲು ಅದರೊಳಗೆ ಸಿಕ್ಕಿ ಮುರಿಯಿತು. ಇವತ್ತಿಗೂ ಕುಂಟುತ್ತಾರೆ. ಆಸ್ಪತ್ರೆಗೆ ಹೋಗಿ ಬಂದ ಸರ್ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಆಮೇಲೆ ಹೊಸ ಕ್ರಮ ತಂದರು. ವರ್ಷಕ್ಕೆ ಒಂದೇ ಟೆಂಡರ್. ದರ ಮೊದಲೇ ನಿಗದಿ. ಪಟ್ಟಿಯಲ್ಲಿ ಮೂವರು ಗುತ್ತಿಗೆದಾರರು. ಏನಾದರೂ ಮುರಿದರೆ ಸರದಿಯಂತೆ ಫೋನು, ಒಂದು ಪುಟದ ಆದೇಶ, ಎರಡು ದಿನದಲ್ಲಿ ಕೆಲಸ. ನಮ್ಮ ಸೂಪರಿಂಟೆಂಡೆಂಟ್ ಭೀಮೇಶ್ ಸರ್ ರೇಗಿಸುತ್ತಿದ್ದರು: "ಏನ್ರೀ, ಸರ್ಕಾರಿ ಕೆಲ್ಸಾನ ದೋಸೆ ಥರ ಮಾಡ್ಬಿಟ್ರಲ್ಲ, ಹೇಳಿದ್ ತಕ್ಷಣ ಬರುತ್ತೆ." ಸರ್ ನಗುತ್ತಿರಲಿಲ್ಲ. "ಕಾಲು ಮುರ್ಯಾಕ ಟೆಂಡರ್ ಬೇಕಿಲ್ಲಲ್ರೀ."

ನಮ್ಮಲ್ಲಿ ತಡ ಮಾಡಿದವರ ಮೇಲೆ ಯಾರಿಗೂ ಅನುಮಾನವಿಲ್ಲ. ಬೇಗ ಮಾಡಿದವರ ಮೇಲೆ — ಎಲ್ಲರಿಗೂ. ಒಂದು ಮೂಗರ್ಜಿ ಬಂತು. ಕೆ.ಆರ್. ಪುರದ ಕಡೆಯ ಒಂದು ಕೆಲಸವನ್ನು ಸರದಿ ತಪ್ಪಿಸಿ ಗುತ್ತಿಗೆದಾರ ನಾಜಿಶ್ ಅವರಿಗೆ ಕೊಟ್ಟಿದ್ದಾರೆ ಎಂದು. ವಿಚಾರಣೆ ಶುರುವಾಯಿತು. ನನ್ನನ್ನೂ ಕರೆದರು. ಉಳಿದಿಬ್ಬರಿಗೆ ಮೊದಲು ಫೋನು ಮಾಡಿದ್ದನ್ನು ಕೇಳಿಸಿಕೊಂಡಿರಾ ಎಂದರು. ಸರಿಯಾಗಿ ನೆನಪಿಲ್ಲ ಎಂದೆ.

ನೆನಪಿತ್ತು.

ಸರ್ ಸ್ಪೀಕರ್ ಹಾಕಿಯೇ ಮಾತನಾಡಿದ್ದರು. ಒಬ್ಬರು ಊರಲ್ಲಿಲ್ಲ ಎಂದರು. ಇನ್ನೊಬ್ಬರು ಮುಂದಿನ ವಾರ ನೋಡೋಣ ಎಂದರು. ಅದಾದ ಮೇಲೆಯೇ ನಾಜಿಶ್. ಆ ತಿಂಗಳು ನನ್ನ ಕೆಲಸದ ಅವಧಿ ಮುಗಿಯುವುದರಲ್ಲಿತ್ತು — ಸರ್ ಪರ ಹೇಳಿದರೆ ಮುಂದುವರಿಸುತ್ತಾರೋ ಇಲ್ಲವೋ ಎಂದು ಹೆದರಿದೆ. ನನ್ನ ಹೇಳಿಕೆ ಓದಿ ಭೀಮೇಶ್ ಸರ್ ಸಿಟ್ಟಾದಾಗ ಶಿವಪುತ್ರ ಸರ್ ಹೇಳಿದ್ದು ಇಷ್ಟೇ: "ಸಣ್ಣ ಹುಡುಗಿ, ಅಂಜ್ಯಾಳ. ಬಿಡ್ರಿ."

ಮರುದಿನವೂ ನನಗೆ ಚಹಾ ತರಿಸಿದರು. ನಾನು — ಕುಡಿದೆ.

ವಿಚಾರಣೆ ಮುಗಿಯುವ ಮೊದಲೇ ಅವರ ಹೃದಯ ನಿಂತಿತು. ಅವರು ತಂದ ಕ್ರಮವನ್ನೂ ತಡೆಹಿಡಿದಿದ್ದಾರೆ. ಜಾಲರಿಗಳಿಗೆ ಮತ್ತೆ ಟೆಂಡರ್ ಕರೆಯುತ್ತಿದ್ದೇವೆ.

ಅಮ್ಮಾ, ನಿಮ್ಮ ಯಜಮಾನರು ಸರದಿ ತಪ್ಪಿಸಲಿಲ್ಲ. ಅವರು ಇದ್ದಾಗಲೇ ಇದನ್ನು ಹೇಳಬೇಕಿತ್ತು. ವಿಚಾರಣಾಧಿಕಾರಿಗಳು ಹಿಂದಿನ ಸಾಲಿನಲ್ಲಿದ್ದಾರೆ. ಸರ್, ನಡೆದದ್ದನ್ನೆಲ್ಲ ಬರೆದು, ಸಹಿ ಹಾಕಿ ತಂದಿದ್ದೇನೆ. ಸಭೆ ಮುಗಿದ ಕೂಡಲೇ ತಮ್ಮ ಕೈಗೆ ಕೊಡುತ್ತೇನೆ. ಇಷ್ಟು ಜನ ಕೇಳಿಸಿಕೊಂಡಿದ್ದಾರೆ — ಇನ್ನು ನಾನು ಹಿಂದೆ ಸರಿಯಲಾರೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಅಂದು ನಾನು ಸುಮ್ಮನಿದ್ದುದು ನನಗಾಗಿ. ಈಗ ಒಂದು ನಿಮಿಷ — ಅವರಿಗಾಗಿ ಸುಮ್ಮನಿರೋಣ.